ಯುದ್ಧದ ಪದ್ಯ ಯಾರ ಕಿವಿಗೆ? ರನ್ನ, ಕುಮಾರವ್ಯಾಸ, ಲಕ್ಷ್ಮೀಶ, ಹಲಗಲಿ ಲಾವಣಿ, ಓವೆನ್

ಕನ್ನಡ ಮೇಷ್ಟ್ರು, ಹಾಸನ

ಈಚಿನ ವರ್ಷಗಳ ಹತ್ತನೇ ತರಗತಿ ಪ್ರಥಮ ಭಾಷೆ ಕನ್ನಡ ಪುಸ್ತಕ ತೆಗೆದು ನೋಡಿ. ಪದ್ಯಭಾಗದಲ್ಲಿ ಹಲಗಲಿ ಬೇಡರ ಲಾವಣಿ ಇದೆ. ಕುಮಾರವ್ಯಾಸನ ಕರ್ಣ ಇದ್ದಾನೆ, ರನ್ನನ ದುರ್ಯೋಧನ ಇದ್ದಾನೆ, ಲಕ್ಷ್ಮೀಶನ ಲವ ಇದ್ದಾನೆ. ನಾಲ್ಕೂ ಯುದ್ಧಕ್ಕೆ ಸೇರಿದ ಪದ್ಯಗಳೇ. ನಾವು ಮಾತ್ರ ಸಂದರ್ಭ, ಸ್ವಾರಸ್ಯ, ಪ್ರಸ್ತಾರ ಹಾಕಿ ಗಣ ವಿಭಾಗ ಅಂತ ಒಂದೊಂದನ್ನೇ ಮುಗಿಸಿ ಮುಂದೆ ಹೋಗುತ್ತೇವೆ. ಪಕ್ಕಪಕ್ಕ ಇಟ್ಟು ಓದುವುದೇ ಇಲ್ಲ.

ಇಟ್ಟು ಓದಿದಾಗ ನನಗೆ ಕಂಡದ್ದು ಇದು. ಪದ್ಯ ಯುದ್ಧವನ್ನು ಹೊಗಳುತ್ತದೋ ತೆಗಳುತ್ತದೋ ಅನ್ನುವುದು ಆಮೇಲಿನ ಮಾತು. ಮೊದಲು ನೋಡಬೇಕಾದ್ದು ಅದು ಯಾರ ಜೊತೆ ಮಾತಾಡುತ್ತಿದೆ ಅಂತ. ದೊರೆಯ ಜೊತೆಯೋ, ನಾಳೆ ದಂಡಿಗೆ ಸೇರಬೇಕಾದ ಹುಡುಗನ ಜೊತೆಯೋ, ಸತ್ತವನ ಜೊತೆಯೋ.

ರನ್ನನನ್ನೇ ತೆಗೆದುಕೊಳ್ಳಿ. ಪಠ್ಯದಲ್ಲಿರುವುದು ದುರ್ಯೋಧನ ಭೀಷ್ಮನಿಗೆ ಕೊಡುವ ಉತ್ತರ. ಅಜ್ಜ ಸಂಧಿ ಮಾಡಿಕೋ ಎನ್ನುತ್ತಾನೆ, ಮೊಮ್ಮಗ ಒಲ್ಲೆ ಎನ್ನುತ್ತಾನೆ. ನಾನು ನೆಲಕ್ಕೆ ಹೋರಾಡುತ್ತಿಲ್ಲ, ಛಲಕ್ಕೆ ಹೋರಾಡುತ್ತೇನೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ, ಇದರ ಜೊತೆ ಮತ್ತೆ ಬಾಳುತ್ತೇನೆಯೇ ಎಂದು ಕೇಳುತ್ತಾನೆ. ಮಕ್ಕಳು ಉತ್ತರ ಪತ್ರಿಕೆಯಲ್ಲಿ ‘ದುರ್ಯೋಧನ ಹಟಮಾರಿ’ ಎಂದು ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಅವರದ್ದು ತಪ್ಪಲ್ಲ, ನಾವು ಹಿಂದಿನದ್ದು ಹೇಳಿರುವುದಿಲ್ಲ. ಕಾವ್ಯದಲ್ಲಿ ಅವನು ಭೀಷ್ಮನ ಹತ್ತಿರ ಬರುವ ಹೊತ್ತಿಗೆ ಇಡೀ ರಣರಂಗವನ್ನು ನಡೆದು ದಾಟಿದ್ದಾನೆ. ಮಗ ಲಕ್ಷ್ಮಣಕುಮಾರನ ಹೆಣದ ಮುಂದೆ ನಿಂತು, ಅಪ್ಪನಿಗೆ ಮಗ ತರ್ಪಣ ಬಿಡಬೇಕು, ನೀನು ಕ್ರಮವನ್ನೇ ತಿರುಗಿಸಿಬಿಟ್ಟೆಯಲ್ಲ ಎಂದಿದ್ದಾನೆ. ದುಶ್ಶಾಸನನಿಗೆ, ಅಮ್ಮನ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು ಕುಡಿದೆ, ಸಾವಿನಲ್ಲಿ ಮಾತ್ರ ನನಗಿಂತ ಮುಂದೆ ಹೋದೆ ಎಂದಿದ್ದಾನೆ. ಶತ್ರುವಿನ ಮಗ ಅಭಿಮನ್ಯುವನ್ನೂ ಬಿಟ್ಟಿಲ್ಲ. ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ ಎಂದು ಆ ಹುಡುಗನ ಹೆಣವನ್ನು ಬೇಡಿಕೊಂಡಿದ್ದಾನೆ. ಇಷ್ಟು ಜನ ಸತ್ತವರ ಜೊತೆ ಮಾತಾಡಿ ಬಂದವನ ಮಾತು ಆ ಛಲದ ಮಾತು. ಬದುಕಿರುವ ಅಜ್ಜನ ಬುದ್ಧಿವಾದ ಅವನಿಗೆ ಹೇಗೆ ತಾನೇ ಕೇಳಿಸೀತು?

ಹಲಗಲಿ ಲಾವಣಿ ಬೇರೆ ಲೋಕ. 1857ರಲ್ಲಿ ಕಂಪನಿ ಸರ್ಕಾರ ಹತಾರ ಒಪ್ಪಿಸಿ ಅಂದಿತು. ಮುಧೋಳ ಸೀಮೆಯ ಹಲಗಲಿಯ ಹನುಮ, ಬಾಲ, ಜಡಗ, ರಾಮ ಒಪ್ಪಲಿಲ್ಲ. ದಂಡು ಬಂತು, ಹೊಡೆದಾಟ ಆಯಿತು, ಊರು ಸುಟ್ಟಿತು. ಹಾಡಿನ ಕೊನೆಯಲ್ಲಿ ಹಾಡುಗಾರ ಒಂದು ಪಟ್ಟಿ ಕೊಡುತ್ತಾನೆ. ಕೊಡಲಿ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೆಲ್ಲ, ಮಂಗಳಸೂತ್ರ, ಬೀಸುಕಲ್ಲು. ಅಷ್ಟೂ ಹೋಯಿತು ಅನ್ನುತ್ತಾನೆ. ಕುರುಕ್ಷೇತ್ರದಲ್ಲಿ ಯಾರ ಮನೆಯ ಜೀರಿಗೆ ಹೋಯಿತು ಎಂದು ಯಾವ ಮಹಾಕವಿಯೂ ಹೇಳಲಿಲ್ಲ. ಆ ಹಾಡು ಕೇಳುತ್ತಿದ್ದವರು ಊರಿನವರು. ಅವರಿಗೆ ಬೀಸುಕಲ್ಲಿನ ಬೆಲೆ ಗೊತ್ತು.

ನಿಮಗೆ ಗೊತ್ತಿರುವ ಯುದ್ಧದ ಪದ್ಯ ತನ್ನಿ. ಯಾವ ಭಾಷೆಯದ್ದಾದರೂ ಸರಿ.


ದೇವನೂರು ದಾರಿ, ಕಡೂರು

ಮೇಷ್ಟ್ರೇ, ಲಕ್ಷ್ಮೀಶನ ಹೆಸರು ಹೇಳಿ ಹಾಗೇ ದಾಟಿ ಹೋಗಿಬಿಟ್ಟಿರಲ್ಲ! ನಮ್ಮ ಕಡೂರು ತಾಲೂಕಿನ ದೇವನೂರಿನ ಕವಿ. ನಾವು ಸುಮ್ನೆ ಬಿಡುತ್ತೇವಾ?

ಜೈಮಿನಿ ಭಾರತ ಯುದ್ಧ ಮುಗಿದ ಮೇಲಿನ ಕಥೆ. ಕುರುಕ್ಷೇತ್ರ ಮುಗಿದಿದೆ, ಧರ್ಮರಾಯನ ಅಶ್ವಮೇಧದ ಕುದುರೆ ಊರೂರು ತಿರುಗುತ್ತಿದೆ, ಅದರ ಹಿಂದೆ ಮತ್ತೆ ಯುದ್ಧ. ಒಂದು ಸಾಲಲಿಲ್ಲ ಅನ್ನುವ ಹಾಗೆ.

ಸುಧನ್ವನ ಕಥೆ ನೋಡಿ. ಹಂಸಧ್ವಜ ರಾಜ ಡಂಗುರ ಹೊಡೆಸುತ್ತಾನೆ: ಹೊತ್ತಿಗೆ ಸರಿಯಾಗಿ ರಣಕ್ಕೆ ಬರದವರನ್ನು ಕಾದ ಎಣ್ಣೆ ಕೊಪ್ಪರಿಗೆಗೆ ಹಾಕಲಾಗುತ್ತದೆ. ತಡವಾಗಿ ಬಂದವನು ರಾಜನ ಸ್ವಂತ ಮಗ. ಯಾಕೆ ತಡ? ಹೆಂಡತಿ ಪ್ರಭಾವತಿ ತಡೆದಳು. ನೀವು ಹೋಗುವುದು ಅರ್ಜುನನ ಎದುರಿಗೆ, ಹಿಂದೆ ಬರುತ್ತೀರೋ ಇಲ್ಲವೋ, ನನಗೊಂದು ಮಗು ಬೇಕು ಎಂದಳು. ಅಷ್ಟಕ್ಕೆ ಎಣ್ಣೆ ಕೊಪ್ಪರಿಗೆ. ಅಪ್ಪ ಹಿಂದೆಮುಂದೆ ನೋಡಿದರೆ ಪುರೋಹಿತರಾದ ಶಂಖ, ಲಿಖಿತರು ಬಿಡುವುದಿಲ್ಲ. ಹರಿಭಕ್ತ ಆದ್ದರಿಂದ ಸುಧನ್ವ ಎಣ್ಣೆಯಲ್ಲಿ ಉಳಿಯುತ್ತಾನೆ. ಉಳಿದು ಎಲ್ಲಿಗೆ ಹೋಗುತ್ತಾನೆ? ಯುದ್ಧಕ್ಕೇ. ಅಲ್ಲಿ ಸಾಯುತ್ತಾನೆ.

ಕೊಪ್ಪ, ಶೃಂಗೇರಿ ಕಡೆ ಯಕ್ಷಗಾನದಲ್ಲಿ ಇದನ್ನು ನೋಡುವವರು ಸುಧನ್ವ ಅರ್ಜುನರ ವಾದಕ್ಕೆ ಕಾದು ಕೂರುತ್ತಾರೆ. ನನಗೆ ಮಾತ್ರ ಆ ಕೊಪ್ಪರಿಗೆಯೇ ಮುಖ್ಯ. ಶತ್ರು ಇನ್ನೂ ಎದುರಿಗೆ ಬಂದಿಲ್ಲ, ಆಗಲೇ ನಮ್ಮವರೇ ನಮ್ಮವನನ್ನು ಬೇಯಿಸಲು ನಿಂತಿದ್ದಾರೆ. ಲಕ್ಷ್ಮೀಶ ಇದನ್ನು ಭಕ್ತಿಯ ಮಹಿಮೆ ಹೇಳಲು ಬರೆದ, ನಿಜ. ಆದರೂ ಕಂಡದ್ದು ಕಂಡಿದೆ.


ಬಿ.ಎ. ಎರಡನೇ ವರ್ಷ, ಚಿಕ್ಕಮಗಳೂರು

ನನ್ನ ಐಚ್ಛಿಕ ವಿಷಯ ಇಂಗ್ಲಿಷ್. ಮೇಷ್ಟ್ರು ಹೇಳಿದ ‘ಯಾರ ಜೊತೆ ಮಾತು’ ಅಲ್ಲಿಗೂ ಸರಿಹೊಂದುತ್ತದೆ ಅನ್ನಿಸಿತು.

ಟೆನಿಸನ್ ಬರೆದ ‘ಲೈಟ್ ಬ್ರಿಗೇಡ್’ ಪದ್ಯ 1854ರದ್ದು. ಕ್ರಿಮಿಯಾದ ಬಾಲಾಕ್ಲಾವಾದಲ್ಲಿ ತಪ್ಪು ಆದೇಶ ಹೋಗಿ ಆರು ನೂರು ಚಿಲ್ಲರೆ ಕುದುರೆ ಸವಾರರು ಫಿರಂಗಿಗಳ ಬಾಯಿಗೇ ನುಗ್ಗಿದರು. ಕವಿ ಇಂಗ್ಲೆಂಡಿನಲ್ಲಿ ಪತ್ರಿಕೆಯ ವರದಿ ಓದಿ ಬರೆದ. ಯಾರೋ ಎಡವಿದರು ಅಂತ ಒಂದು ಕಡೆ ಹೇಳುತ್ತಾನೆ, ಆದರೆ ಅದು ಯಾರು ಅಂತ ಕೇಳುವುದಿಲ್ಲ. ಕುದುರೆಯ ಓಟದ ಲಯ ಎಷ್ಟು ಚೆನ್ನಾಗಿದೆ ಅಂದರೆ ಓದುವವರಿಗೂ ಕೇಳಬೇಕು ಅನ್ನಿಸುವುದಿಲ್ಲ. ಅವನು ಮಾತಾಡುತ್ತಿರುವುದು ದೇಶದ ಜೊತೆ, ಇವರನ್ನು ಗೌರವಿಸಿ ಅಂತ.

ರೂಪರ್ಟ್ ಬ್ರೂಕ್ 1914ರಲ್ಲಿ ಬರೆದ: ನಾನು ಸತ್ತರೆ ಪರದೇಶದ ಯಾವುದೋ ಮೂಲೆ ಎಂದೆಂದಿಗೂ ಇಂಗ್ಲೆಂಡ್ ಆಗಿರುತ್ತದೆ ಅಂತ. ಗಲಿಪೊಲಿಗೆ ಹೋಗುವ ದಾರಿಯಲ್ಲಿ ಸೊಳ್ಳೆ ಕಡಿತದ ಗಾಯ ನಂಜಾಗಿ 1915ರ ಏಪ್ರಿಲ್‌ನಲ್ಲಿ ಸತ್ತ.

ವಿಲ್ಫ್ರೆಡ್ ಓವೆನ್ ಕಂದಕದಲ್ಲಿ ಇದ್ದವನು. ವಿಷಾನಿಲದ ದಾಳಿಯಲ್ಲಿ ಮುಖವಾಡ ಹಾಕಿಕೊಳ್ಳಲು ತಡವಾದ ಒಬ್ಬ ಸೈನಿಕ ಉಸಿರುಗಟ್ಟಿ ಸಾಯುವುದನ್ನು ಬರೆದ. ಕೊನೆಯಲ್ಲಿ ‘ಗೆಳೆಯಾ’ ಅಂತ ಯಾರನ್ನೋ ಕರೆಯುತ್ತಾನೆ. ಆ ಗೆಳೆಯ ಸೈನಿಕ ಅಲ್ಲ. ಮನೆಯಲ್ಲಿ ಕೂತು ಹುಡುಗರನ್ನು ದಂಡಿಗೆ ಹುರಿದುಂಬಿಸುವ ಪದ್ಯ ಬರೆಯುತ್ತಿದ್ದವರು. ಒಂದು ಕರಡಿನಲ್ಲಿ ಜೆಸ್ಸಿ ಪೋಪ್ ಎಂಬ ಕವಯಿತ್ರಿಗೆ ಅಂತ ನೇರವಾಗಿಯೇ ಬರೆದಿದ್ದ. ನೀನು ಇದನ್ನು ಕಂಡಿದ್ದರೆ ದೇಶಕ್ಕಾಗಿ ಸಾಯುವುದು ಸಿಹಿ ಎಂಬ ಆ ಹಳೆಯ ಸುಳ್ಳನ್ನು ಮಕ್ಕಳಿಗೆ ಹೇಳುತ್ತಿರಲಿಲ್ಲ ಅನ್ನುತ್ತಾನೆ.

ಆ ‘ಹಳೆಯ ಸುಳ್ಳು’ ರೋಮಿನ ಕವಿ ಹೊರೇಸನ ಸಾಲು. ತಮಾಷೆ ಏನಂದರೆ ಹೊರೇಸನೇ ಇನ್ನೊಂದು ಪದ್ಯದಲ್ಲಿ, ಫಿಲಿಪ್ಪಿ ಯುದ್ಧದಲ್ಲಿ ಗುರಾಣಿ ಬಿಸಾಕಿ ಓಡಿದೆ ಅಂತ ಹೇಳಿಕೊಂಡಿದ್ದಾನೆ. ಓವೆನ್ ಓಡಲಿಲ್ಲ. 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದು ವಾರ ಇರುವಾಗ, ಫ್ರಾನ್ಸಿನ ಒಂದು ಕಾಲುವೆ ದಾಟಿಸುವಾಗ ಸತ್ತ.


ಹಳೇಬೀಡು ಗೈಡ್

ಹೊರೇಸನ ಸಾಲು ನಮ್ಮಲ್ಲೂ ಇದೆ ತಮ್ಮ, ಕಲ್ಲಿನ ಮೇಲೆ. ವೀರಗಲ್ಲುಗಳಲ್ಲಿ ಒಂದು ಸಂಸ್ಕೃತ ಶ್ಲೋಕ ಮತ್ತೆ ಮತ್ತೆ ಬರುತ್ತದೆ. ಗೆದ್ದರೆ ಲಕ್ಷ್ಮಿ ಸಿಗುತ್ತಾಳೆ, ಸತ್ತರೆ ದೇವಲೋಕದ ಹೆಣ್ಣು ಸಿಗುತ್ತಾಳೆ, ಕ್ಷಣದಲ್ಲಿ ಹಾಳಾಗುವ ಮೈಗೆ ರಣದ ಸಾವಿನ ಚಿಂತೆ ಯಾಕೆ ಅಂತ. ಕಲ್ಲಿನ ಮೇಲಿನ ಚಿತ್ರವೂ ಅದೇ. ಕೆಳಗಡೆ ಹೊಡೆದಾಟ. ನಡುವೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಶಿವನ ಹತ್ತಿರ ಕೂತಿದ್ದಾನೆ. ಗಾಯ, ನೋವು, ನೀರು ಕೇಳುವುದು, ಇವಕ್ಕೆ ಅಂಕಣವೇ ಇಲ್ಲ.

ಹಾಸನ, ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಕೆರೆ ಏರಿ ಮೇಲೆ, ದೇವಸ್ಥಾನದ ಪಕ್ಕ ಇಂಥ ಕಲ್ಲುಗಳು ನಿಂತಿವೆ. ನಾಳೆ ಹೋಗಬೇಕಾದ ಹುಡುಗ ದಿನವೂ ನೋಡುವ ಜಾಗ ಅದು. ಮೇಷ್ಟ್ರ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಹಲ್ಮಿಡಿಯೂ ನಮ್ಮ ಬೇಲೂರು ತಾಲೂಕೇ. ಸುಮಾರು ಕ್ರಿ.ಶ. 450ರ ಶಾಸನ. ಅದರಲ್ಲಿ ಏನಿದೆ? ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ಎರಡು ಊರನ್ನು ‘ಬಾಳ್ಗಳ್ಚು’ ಕೊಟ್ಟರು ಅಂತ ಇದೆ. ಕತ್ತಿಯ ರಕ್ತ ತೊಳೆದದ್ದಕ್ಕೆ ಕೊಡುಗೆ. ಸತ್ತವನ ಮನೆಯವರಿಗೆ ಕೊಡುವ ಭೂಮಿಗೆ ನೆತ್ತರುಗೊಡಗೆ ಅನ್ನುತ್ತಿದ್ದರು. ಪದ್ಯ ಸ್ವರ್ಗ ಕೊಡುತ್ತದೆ, ಶಾಸನ ಗದ್ದೆ ಕೊಡುತ್ತದೆ.

ಇನ್ನು ನಮ್ಮ ದೇವಸ್ಥಾನದ ಹತ್ತಿರದ ಗರುಡಗಂಬ. ಎರಡನೇ ವೀರಬಲ್ಲಾಳ ಸತ್ತಾಗ ಅವನ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ, ಜೊತೆಗಿದ್ದ ಗರುಡರು, ಅಂದರೆ ದೊರೆಯ ಜೊತೆಗೇ ಸಾಯುತ್ತೇವೆ ಅಂತ ಆಣೆ ಮಾಡಿದ ಅಂಗರಕ್ಷಕರು, ತಾವೇ ಪ್ರಾಣ ಕೊಟ್ಟರು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಶಿಲ್ಪ ಇದೆ. ಪ್ರವಾಸಿಗರು ಫೋಟೋ ತೆಗೆದುಕೊಂಡು, ಎಂಥ ನಿಷ್ಠೆ ಅಲ್ವಾ ಅನ್ನುತ್ತಾರೆ. ನಾನು ಹೌದು ಅನ್ನುತ್ತೇನೆ. ಕೆಲಸ ನೋಡಿ.


ಮಾಜಿ ಹವಾಲ್ದಾರ್, ಅರಕಲಗೂಡು

ಎಲ್ಲ ಓದಿದೆ. ನಾನು ಪಂಡಿತ ಅಲ್ಲ, ಇನ್‌ಫೆಂಟ್ರಿಯಲ್ಲಿ ಇದ್ದವನು. ನೇರವಾಗಿ ಹೇಳುತ್ತೇನೆ.

ಒಂದು. ಯುದ್ಧದ ಪದ್ಯಗಳಲ್ಲಿ ಕಾಯುವುದು ಇಲ್ಲ. ಪೋಸ್ಟಿನಲ್ಲಿ ದಿನಗಟ್ಟಲೆ ಏನೂ ಆಗುವುದಿಲ್ಲ. ಚಳಿ, ಒದ್ದೆ ಸಾಕ್ಸು, ಸೀಮೆಎಣ್ಣೆ ಬುಖಾರಿ ಒಲೆಯ ಹೊಗೆ, ಇಸ್ಪೀಟು, ಊರಿನ ಕಾಗದ. ಯುದ್ಧ ಅಂದರೆ ಜಾಸ್ತಿ ಪಾಲು ಇದೇ. ಓವೆನ್ ಪದ್ಯದಲ್ಲಿ ಬೂಟು ಹೋದವರು ಕುಂಟುತ್ತ ನಿದ್ದೆಗಣ್ಣಲ್ಲಿ ನಡೆಯುವುದು ಮೊದಲಿಗೆ ಬರುತ್ತದೆ ಅಂತ ನನ್ನ ಮಗಳು ಓದಿ ಹೇಳಿದಳು. ಅದು ಸರಿಯಾಗಿದೆ. ಅವನು ಅಲ್ಲಿದ್ದವನೇ.

ಎರಡು. ನಿಮ್ಮ ಮಾತಿನಲ್ಲಿ ವೀರ ಅಂದರೆ ಮೋಸ ಹೋದವನು ಅನ್ನುವ ವಾಸನೆ ಬರುತ್ತಿದೆ. ಅದು ನನಗೆ ಹಿಡಿಸಲಿಲ್ಲ. ಗುಂಡು ಬಿದ್ದ ಜೊತೆಗಾರನನ್ನು ಎಳೆದು ತರಲು ಹೋಗುವವನಿಗೆ ಅಪ್ಸರೆಯೂ ಬೇಡ, ದೇಶದ ಹೆಸರೂ ಆ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ಪಕ್ಕದವನು ಬಿದ್ದಿದ್ದಾನೆ, ಅಷ್ಟೇ. ಇದು ನಿಜವಾದ ಧೈರ್ಯ. ಇದನ್ನು ಸುಳ್ಳು ಅನ್ನಬೇಡಿ.

ಮೂರು. ಗೈಡ್ ಅಣ್ಣ ಗದ್ದೆ ವಿಷಯ ತೆಗೆದ. ನಿವೃತ್ತ ಸೈನಿಕರ ಜಮೀನಿಗೆ ಕೊಟ್ಟ ಅರ್ಜಿ ನನ್ನದೂ ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿರುಗುತ್ತಿದೆ. ಬಾಳ್ಗಳ್ಚು ಬೇಗ ಸಿಗುತ್ತಿತ್ತು ಅನ್ನಿಸುತ್ತದೆ.


ತೋಟದ ಮನೆ, ಮೂಡಿಗೆರೆ

ಹವಾಲ್ದಾರ್ ಅಣ್ಣಾ, ಕಾಯುವುದು ಇಲ್ಲ ಅಂದಿರಿ. ಮನೆಯಲ್ಲಿ ಕಾಯುವುದಂತೂ ಇನ್ನೂ ಇಲ್ಲ. ಕಡೂರಿನವರು ಪ್ರಭಾವತಿಯ ಕಥೆ ಹೇಳಿದರು, ನಾನು ಓದುತ್ತ ನಿಂತೆ. ಇಡೀ ಚರ್ಚೆಯಲ್ಲಿ ಬದುಕಿನ ಲೆಕ್ಕ ಹಾಕಿದವಳು ಅವಳೊಬ್ಬಳೇ. ಅವಳ ಕಾರಣಕ್ಕೆ ಗಂಡ ತಡವಾದ ಅಂತ ಕಥೆ ಹೇಳುತ್ತದೆ. ಕಥೆ ಅವಳ ಕಡೆ ನಿಂತಿಲ್ಲ.

ಕುವೆಂಪು ಅವರ ‘ಶ್ಮಶಾನ ಕುರುಕ್ಷೇತ್ರ’ವನ್ನು ಯಾರೂ ಹೇಳಲಿಲ್ಲ. ನಮ್ಮ ಜಿಲ್ಲೆಯ ಕೊಪ್ಪದ ಹಿರೇಕೊಡಿಗೆಯಲ್ಲಿ ಹುಟ್ಟಿದವರು. ನಾಟಕವಾದರೂ ಪದ್ಯದಲ್ಲಿದೆ, ಹಾಗಾಗಿ ಸೇರಿಸುತ್ತಿದ್ದೇನೆ. ಯುದ್ಧ ಮುಗಿದ ರಾತ್ರಿ. ಕೃಷ್ಣ, ಪಾಂಡವರು ಇದ್ದಾರೆ, ಆದರೆ ಹೆಸರೇ ಇಲ್ಲದ ಸೈನಿಕರ ಮನೆಯ ಹೆಂಗಸರೂ ಹೆಣಗಳ ನಡುವೆ ತಮ್ಮವರನ್ನು ಹುಡುಕುತ್ತ ಬರುತ್ತಾರೆ. ವ್ಯಾಸರ ಗಾಂಧಾರಿಯೂ ರಣರಂಗಕ್ಕೆ ಬಂದು ಅಳುತ್ತಾಳೆ. ಆದರೆ ಅವಳು ರಾಣಿ. ಅವಳ ಅಳುವನ್ನು ಕೇಳಲು ಕೃಷ್ಣನೇ ನಿಂತಿರುತ್ತಾನೆ, ಅವಳ ಶಾಪ ತಟ್ಟುತ್ತದೆ. ಸೈನಿಕನ ತಾಯಿ ಶಾಪ ಹಾಕಿದರೆ ಯಾವ ಕುಲ ನಾಶವಾಗುತ್ತದೆ? ಕುವೆಂಪು ಆ ತಾಯಿಗೆ ರಂಗದ ಮೇಲೆ ಜಾಗ ಕೊಟ್ಟರು.

ಓವೆನ್ ಸತ್ತ ತಂತಿ ಅವನ ಅಮ್ಮನಿಗೆ ತಲುಪಿದ್ದು ನವೆಂಬರ್ 11ರಂದು, ಯುದ್ಧ ನಿಂತಿತು ಅಂತ ಚರ್ಚಿನ ಗಂಟೆಗಳು ಬಾರಿಸುತ್ತಿದ್ದ ದಿನ. ಆ ತಾಯಿ ಆಮೇಲೆ 1920ರಲ್ಲಿ ರವೀಂ‌ದ್ರನಾಥ ಟ್ಯಾಗೋರರಿಗೆ ಕಾಗದ ಬರೆದರು. ಮಗನ ಕಿಸೆಯ ಪುಸ್ತಕದಲ್ಲಿ ಟ್ಯಾಗೋರರ ಗೀತಾಂಜಲಿಯ ಸಾಲು ಅವನ ಕೈಬರಹದಲ್ಲೇ ಇತ್ತು, ಕೊನೆಯ ಸಲ ಮನೆಯಿಂದ ಹೊರಡುವಾಗ ಅದನ್ನೇ ಹೇಳಿಹೋಗಿದ್ದ ಅಂತ. ಬಂಗಾಳದಲ್ಲಿ ಹುಟ್ಟಿದ ಸಾಲು ಫ್ರಾನ್ಸಿನ ಕೆಸರಿಗೆ ಹೋಗಿ ಒಬ್ಬ ತಾಯಿಯ ಹತ್ತಿರ ಉಳಿಯಿತು.


ಬಿ.ಎ. ಎರಡನೇ ವರ್ಷ, ಚಿಕ್ಕಮಗಳೂರು

ಅಕ್ಕಾ, ತಾಯಂದಿರ ಮಾತು ಬಂದದ್ದಕ್ಕೆ ಹೇಳುತ್ತೇನೆ. ಸರೋಜಿನಿ ನಾಯ್ಡು 1915ರಲ್ಲಿ ಭಾರತದ ಕೊಡುಗೆ ಅಂತ ಒಂದು ಇಂಗ್ಲಿಷ್ ಪದ್ಯ ಬರೆದರು. ಅಲ್ಲಿ ಮಾತಾಡುವವಳು ಭಾರತಮಾತೆ. ಬಟ್ಟೆ, ಧಾನ್ಯ, ಚಿನ್ನ ಎಲ್ಲ ಕೊಟ್ಟೆ, ಈಗ ಮಕ್ಕಳನ್ನೂ ಕೊಟ್ಟೆ, ಅವರು ಪರ್ಷಿಯಾ, ಈಜಿಪ್ಟ್, ಫ್ರಾನ್ಸಿನ ಮಣ್ಣಿನಲ್ಲಿ ಮಲಗಿದ್ದಾರೆ, ನೆನಪಿಡಿ ಅನ್ನುತ್ತಾಳೆ.

ಆ ಯುದ್ಧದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಕುದುರೆ ಮೇಲೆ ಭರ್ಜಿ ಹಿಡಿದು ಮಷಿನ್ ಗನ್‌ಗಳ ಎದುರು ನುಗ್ಗಿ ಹೈಫಾ ಪಟ್ಟಣ ಗೆದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದ್ದು. ಬಾಲಾಕ್ಲಾವಾದ ಸೋತ ದಾಳಿಗೆ ಪದ್ಯ ಸಿಕ್ಕಿತು, ಲೋಕಕ್ಕೆಲ್ಲ ಗೊತ್ತಾಯಿತು. ಹೈಫಾದ ಗೆದ್ದ ದಾಳಿ ನನ್ನ ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.


ತೋಟದ ಮನೆ, ಮೂಡಿಗೆರೆ

ಆ ನಾಯ್ಡು ಪದ್ಯ ನನಗೆ ಅಷ್ಟಕ್ಕಷ್ಟೇ ಕಣಪ್ಪ. ಅಲ್ಲಿ ತಾಯಿ ಅಳುತ್ತಿರುವುದು ದೊರೆಗಳ ಮುಂದೆ. ಮಕ್ಕಳನ್ನು ಕೊಟ್ಟೆ, ನೆನಪಿಡಿ ಅಂತ ಕೇಳಿಕೊಳ್ಳುತ್ತಾಳೆ. ಯಾಕೆ ತೆಗೆದುಕೊಂಡಿರಿ ಅಂತ ಕೇಳುವುದಿಲ್ಲ. ಹಲಗಲಿ ಹಾಡುಗಾರ ಸಾಹೇಬರ ಮುಂದೆ ಹಾಗೆ ಕೈ ಚಾಚಲಿಲ್ಲ.


ಕನ್ನಡ ಮೇಷ್ಟ್ರು, ಹಾಸನ

ಹವಾಲ್ದಾರರ ಎರಡನೇ ಮಾತಿಗೆ ಉತ್ತರ ಕೊಡಬೇಕು. ವೀರರನ್ನು ಮೋಸ ಹೋದವರು ಅನ್ನುವುದು ನನ್ನ ಮಾತಲ್ಲ. ಹಾಗಂದಿದ್ದರೆ ರನ್ನನನ್ನು ಇಷ್ಟು ಓದುತ್ತಲೂ ಇರಲಿಲ್ಲ. ಪಂಪನೂ ಕತ್ತಿ ಹಿಡಿದವನೇ. ಯುದ್ಧ ಕಂಡವನು ನಿಜ ಬರೆಯುತ್ತಾನೆ, ಕಾಣದವನು ಸುಳ್ಳು ಬರೆಯುತ್ತಾನೆ ಅಂತಲೂ ಇಲ್ಲ. ಪಂಪ ಕಂಡವನು, ಆದರೂ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನ ಮಾಡಿ ಹೊಗಳಿದ. ಥಾಮಸ್ ಹಾರ್ಡಿ ಯುದ್ಧಕ್ಕೆ ಹೋದವನಲ್ಲ. ಆದರೆ 1902ರಲ್ಲಿ ಅವನು ಬರೆದ ಒಂದು ಸಣ್ಣ ಪದ್ಯ ಇದೆ. ಸೈನಿಕನೊಬ್ಬ ಹೇಳುತ್ತಾನೆ: ಅವನೂ ನಾನೂ ಯಾವುದೋ ಹೆಂಡದಂಗಡಿಯಲ್ಲಿ ಸಿಕ್ಕಿದ್ದರೆ ಕೂತು ಕುಡಿಯುತ್ತಿದ್ದೆವು. ಎದುರುಬದುರು ನಿಂತೆವು, ಗುಂಡು ಹೊಡೆದೆ. ಅವನು ನನ್ನ ಶತ್ರು ಆದ್ದರಿಂದ ಹೊಡೆದೆ. ಹೌದು, ಶತ್ರುವೇ... ಅಂತ ಅಲ್ಲೇ ತಡವರಿಸುತ್ತಾನೆ. ಅವನೂ ನನ್ನ ಹಾಗೆಯೇ ಕೆಲಸ ಇಲ್ಲದೆ, ಇದ್ದಬದ್ದ ಸಾಮಾನು ಮಾರಿ ಸೇನೆ ಸೇರಿದನೇನೋ ಅನ್ನುತ್ತಾನೆ.

ಈಗ ಕುಮಾರವ್ಯಾಸನ ಕರ್ಣನ ಹತ್ತಿರ ಬನ್ನಿ. ಕೃಷ್ಣ ಹುಟ್ಟಿನ ಗುಟ್ಟು ಹೇಳುತ್ತಾನೆ. ಕರ್ಣನ ಕಣ್ಣು ತುಂಬುತ್ತದೆ. ‘ಮಾರಿಗೌತಣವಾಯ್ತು ನಾಳಿನ ಭಾರತವು’ ಎನ್ನುತ್ತಾನೆ. ಕೌರವನ ಋಣ ತೀರುವ ಹಾಗೆ ರಣದಲ್ಲಿ ಕೋಟಿ ಸುಭಟರನ್ನು ಮುಗಿಸಿ, ಒಡೆಯನಿಗಾಗಿ ಈ ಶರೀರ ಬಿಡುತ್ತೇನೆ, ನಿನ್ನ ಐವರು ವೀರರನ್ನು ಮಾತ್ರ ನೋಯಿಸುವುದಿಲ್ಲ, ಸೂರ್ಯನಾಣೆ ಅನ್ನುತ್ತಾನೆ. ತ್ಯಾಗದ ಮಾತು ಅಂತ ನಾವೆಲ್ಲ ಕಣ್ಣೊರೆಸಿಕೊಳ್ಳುತ್ತೇವೆ. ಲೆಕ್ಕ ನೋಡಿ. ಐವರು ತಮ್ಮಂದಿರು ಉಳಿಯುತ್ತಾರೆ. ಕೋಟಿ ಸುಭಟರು ಹೋಗುತ್ತಾರೆ. ಕರ್ಣನ ಋಣ ತೀರಬೇಕು, ಆದರೆ ಅದನ್ನು ಕಟ್ಟುವವರು ಅವರು.

ಅದೇ ಕವಿ ವಿರಾಟಪರ್ವದಲ್ಲಿ ಮಾರಿಯನ್ನು ಇನ್ನೊಬ್ಬನ ಬಾಯಲ್ಲಿ ಹೇಳಿಸಿದ್ದಾನೆ. ಉತ್ತರಕುಮಾರ ಕೌರವ ಸೇನೆಯನ್ನು ಕಂಡ ಕೂಡಲೇ, ‘ಹಸಿದ ಮಾರಿಯ ಮಂದೆಯಲಿ ಕುರಿ ನುಸುಳಿದಂತಾದೆನು ಬೃಹನ್ನಳೆ’ ಎನ್ನುತ್ತಾನೆ. ರಥದಿಂದ ಧುಮುಕಿ ಓಡುತ್ತಾನೆ. ಒಲೆ ಮುಂದಿನ ಪೌರುಷ ಅಂತ ನಾವು ಗಾದೆ ಮಾಡಿ ನಗುತ್ತೇವೆ. ಆದರೆ ಇಡೀ ಗದುಗಿನ ಭಾರತದಲ್ಲಿ ಸಾಮಾನ್ಯ ಮನುಷ್ಯ ಯುದ್ಧ ನೋಡಿದರೆ ಏನನ್ನಿಸುತ್ತದೆ ಎಂದು ಮುಚ್ಚುಮರೆ ಇಲ್ಲದೆ ಹೇಳಿದವನು ಅವನು. ಕರ್ಣನ ಮಾತಿನಲ್ಲಿ ಮಾರಿಗೆ ಊಟ ಬಡಿಸುವವನ ದನಿ. ಉತ್ತರನ ಮಾತಿನಲ್ಲಿ ಊಟ ಆಗಬೇಕಾದ ಕುರಿಯ ದನಿ. ನಮ್ಮ ಕಡೆ ಮಾರಿಹಬ್ಬ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.


ಮಾಜಿ ಹವಾಲ್ದಾರ್, ಅರಕಲಗೂಡು

ಹಾರ್ಡಿ ಪದ್ಯದ ಹುಡುಗ ನನಗೆ ಗೊತ್ತು. ಭರ್ತಿ ರ್‍ಯಾಲಿಯಲ್ಲಿ ನನ್ನ ಜೊತೆ ಓಡಿದವರಲ್ಲಿ ಅರ್ಧ ಜನ ಅಂಥವರೇ. ಮನೆಯಲ್ಲಿ ಆಲೂಗಡ್ಡೆ ಬೆಳೆ ಹೋಗಿತ್ತು, ಸಾಲ ಇತ್ತು. ದೇಶಪ್ರೇಮ ಇರಲಿಲ್ಲ ಅಂತಲ್ಲ, ಇತ್ತು. ಸಂಬಳವೂ ಬೇಕಿತ್ತು. ಎರಡೂ ಒಂದೇ ಎದೆಯಲ್ಲಿ ಇರುತ್ತವೆ. ಪದ್ಯ ಬರೆಯುವವರು ಯಾವುದಾದರೂ ಒಂದನ್ನೇ ಹಿಡಿಯುತ್ತಾರೆ.

ಉತ್ತರನ ಬಗ್ಗೆ ಮೇಷ್ಟ್ರು ಹೇಳಿದ್ದು ಸರಿ. ಮೊದಲ ಸಲ ಶೆಲ್ ಬಿದ್ದಾಗ ಹೆದರದವನು ಇಲ್ಲ. ಇನ್ನೊಂದು ಗಮನಿಸಿ. ಅರ್ಜುನ ಅವನನ್ನು ಹಿಡಿದು ತಂದ ಮೇಲೆ ಬಿಲ್ಲು ಕೊಡುವುದಿಲ್ಲ, ಲಗಾಮು ಕೊಡುತ್ತಾನೆ. ನಾನು ಹೊಡೆಯುತ್ತೇನೆ, ನೀನು ರಥ ನಡೆಸು ಅನ್ನುತ್ತಾನೆ. ಹೆದರಿದ ಹೊಸಬನಿಗೆ ಒಳ್ಳೆಯ ಸುಬೇದಾರ್ ಮಾಡುವುದೂ ಇದನ್ನೇ. ಕೈಗೆ ಒಂದು ಕೆಲಸ ಕೊಡುತ್ತಾನೆ. ಕುಮಾರವ್ಯಾಸನಿಗೆ ಇದು ಹೇಗೆ ಗೊತ್ತಿತ್ತೋ.


ದೇವನೂರು ದಾರಿ, ಕಡೂರು

ಲವನ ಪದ್ಯವನ್ನೂ ಹೀಗೇ ನೋಡಬೇಕು. ರಾಮನ ಅಶ್ವಮೇಧದ ಕುದುರೆಯ ಹಣೆಗೆ ಪಟ್ಟಿ ಕಟ್ಟಿದ್ದಾರೆ: ಲೋಕಕ್ಕೆ ಒಬ್ಬನೇ ವೀರ, ಅವನು ಕೌಸಲ್ಯೆಯ ಮಗ, ತಾಕತ್ತಿದ್ದವರು ತಡೆಯಿರಿ. ಹುಡುಗ ಅದನ್ನು ಓದಿ, ಹಾಗಾದರೆ ನನ್ನ ಅಮ್ಮನನ್ನು ಬಂಜೆ ಅನ್ನುವುದಿಲ್ಲವೇ, ನನಗೆ ತೋಳಿರುವುದು ಯಾಕೆ ಅಂತ ಉತ್ತರೀಯದಿಂದ ಕುದುರೆ ಕಟ್ಟಿಬಿಡುತ್ತಾನೆ. ಜೊತೆಯ ಮುನಿಪುತ್ರರು ಬೇಡ ಬೇಡ ಅಂತ ಹೆದರಿ ನಿಂತಿದ್ದಾರೆ. ಆ ಪಟ್ಟಿ ಬರೆಸಿದವನು ಅವನ ಅಪ್ಪ. ಹುಡುಗನಿಗೆ ಗೊತ್ತಿಲ್ಲ.

ಬಭ್ರುವಾಹನನ ಕಥೆ ಇನ್ನೂ ಕೆಟ್ಟದ್ದು. ಬಂದವನು ಅಪ್ಪ ಅಂತ ಗೊತ್ತಾಗಿ, ಕುದುರೆ ಬಿಟ್ಟು ಕಾಣಿಕೆ ಹಿಡಿದು ಹೋಗಿ ಕಾಲಿಗೆ ಬೀಳುತ್ತಾನೆ. ಅರ್ಜುನ ಅವಮಾನ ಮಾಡುತ್ತಾನೆ, ನೀನು ಕ್ಷತ್ರಿಯನಾಗಿದ್ದರೆ ಹೋರಾಡುತ್ತಿದ್ದೆ ಅಂತ. ಮಗ ಹೋರಾಡಿ ಅಪ್ಪನ ತಲೆ ತೆಗೆಯುತ್ತಾನೆ. ಆಮೇಲೆ ನಾಗಲೋಕದ ಮಣಿ ತಂದು ಬದುಕಿಸುತ್ತಾರೆ, ಬಿಡಿ. ಮಣಿ ಇಲ್ಲದವರ ಮನೆಯಲ್ಲಿ ಏನಾಗುತ್ತಿತ್ತು?

ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ಲಕ್ಷ್ಮೀಶ ಯಾರ ಜೊತೆ ಮಾತಾಡುತ್ತಿದ್ದಾನೆ? ನನ್ನ ಪ್ರಕಾರ ದೇವರ ಜೊತೆ. ಹಾಗಾಗಿ ಅವನಿಗೆ ಯುದ್ಧ ತಡೆಯುವ ಆತುರ ಇಲ್ಲ. ಎಲ್ಲವೂ ಕೃಷ್ಣನ ಆಟ. ನನಗೆ ಅವನ ಪದ್ಯದ ನಾದ ಪ್ರಾಣ, ಆದರೂ ಇದೊಂದು ಕೊರಗು ಇದೆ.


ಹಳೇಬೀಡು ಗೈಡ್

ಯುದ್ಧ ತಡೆಯುವ ಮಾತು ಬಂತಲ್ಲ, ಶ್ರವಣಬೆಳಗೊಳ ನಮ್ಮ ಜಿಲ್ಲೆಯಲ್ಲೇ ಇದ್ದೂ ಯಾರೂ ಬಾಹುಬಲಿ ಹೆಸರು ಎತ್ತಲಿಲ್ಲ.


ಕನ್ನಡ ಮೇಷ್ಟ್ರು, ಹಾಸನ

ಎತ್ತೋಣ. ಪಂಪನ ಆದಿಪುರಾಣ, 941. ಭರತ, ಬಾಹುಬಲಿ ಇಬ್ಬರ ಸೇನೆಗಳೂ ಎದುರು ನಿಂತಿವೆ. ಮಂತ್ರಿಗಳು ಸೇರಿ ಒಂದು ಮಾತು ಹೇಳುತ್ತಾರೆ. ಅಣ್ಣತಮ್ಮಂದಿರು ಇಬ್ಬರೂ ಚರಮದೇಹಿಗಳು, ಯುದ್ಧದಲ್ಲಿ ಸಾಯುವವರಲ್ಲ. ಸಾಯುವುದು ಸುಮ್ನೆ ಈ ಸೈನ್ಯ. ಹಾಗಾಗಿ ನೀವಿಬ್ಬರೇ ಹೋರಾಡಿ ಮುಗಿಸಿಕೊಳ್ಳಿ. ಒಬ್ಬರನ್ನೊಬ್ಬರು ರೆಪ್ಪೆ ಬಡಿಯದೆ ನೋಡುವ ದೃಷ್ಟಿಯುದ್ಧ, ನೀರೆರಚುವ ಜಲಯುದ್ಧ, ಆಮೇಲೆ ಮಲ್ಲಯುದ್ಧ. ಮೂರರಲ್ಲೂ ಬಾಹುಬಲಿ ಗೆದ್ದ. ಅಣ್ಣನನ್ನು ಎತ್ತಿ ಹಿಡಿದ ಕೈಯಲ್ಲೇ ರಾಜ್ಯ ಬೇಡ ಅನ್ನಿಸಿ ತಪಸ್ಸಿಗೆ ಹೋದ. ವಿಂಧ್ಯಗಿರಿಯ ಮೇಲಿನ ಆ ಮೂರ್ತಿಯನ್ನು ಹತ್ತನೇ ಶತಮಾನದ ಕೊನೆಯಲ್ಲಿ ನಿಲ್ಲಿಸಿದ ಚಾವುಂಡರಾಯನೂ ಗಂಗರ ದಂಡನಾಯಕ, ಯುದ್ಧ ಮಾಡಿದವನೇ. ಬೇಕಿದ್ದರೆ ರಾಜ್ಯ ಆಳಿದ ಭರತನನ್ನೋ ತನ್ನ ದೊರೆಯನ್ನೋ ಕಡೆಯಿಸಬಹುದಿತ್ತು. ರಾಜ್ಯ ಬಿಟ್ಟವನನ್ನು ಕಡೆಯಿಸಿದ.


ತೋಟದ ಮನೆ, ಮೂಡಿಗೆರೆ

ಚೆನ್ನಾಗಿದೆ ಮೇಷ್ಟ್ರೇ. ಒಂದು ಅನುಮಾನ. ಮಂತ್ರಿಗಳು ಈ ಸಲಹೆ ಕೊಟ್ಟದ್ದು ಆ ಇಬ್ಬರಿಗೆ ಸಾವಿಲ್ಲ ಅಂತ ಗೊತ್ತಿದ್ದರಿಂದ. ಸಾಯುವ ದೊರೆಗಳಾಗಿದ್ದರೆ ಯಾವ ಮಂತ್ರಿ ನೀವೇ ಹೋಗಿ ಹೊಡೆದಾಡಿ ಅನ್ನುತ್ತಿದ್ದ?


ದೇವನೂರು ದಾರಿ, ಕಡೂರು

ಅಕ್ಕ ಬಿಡುವವರಲ್ಲ!


ಮಾಜಿ ಹವಾಲ್ದಾರ್, ಅರಕಲಗೂಡು

ಅನುಮಾನ ಸರಿ ತಾಯಿ. ಆದರೂ ಇಷ್ಟು ಹೊತ್ತು ಓದಿದ ಪದ್ಯಗಳಲ್ಲಿ, ಯುದ್ಧ ಶುರುವಾಗುವ ಮೊದಲೇ ಸಾಯುವವರು ಯಾರು ಅಂತ ಒಬ್ಬರು ಬಾಯಿಬಿಟ್ಟು ಹೇಳಿದ್ದು ಇಲ್ಲೇ. ರನ್ನನಲ್ಲಿ ಅದು ಹೆಣ ಬಿದ್ದ ಮೇಲೆ ಬರುತ್ತದೆ, ಓವೆನ್‌ನಲ್ಲೂ ಅಷ್ಟೇ. ಮೇಷ್ಟ್ರೇ, ಆ ಭಾಗ ಹಳಗನ್ನಡದಲ್ಲೇ ಹಾಕಿ, ಕೆಳಗೆ ಅರ್ಥ ಕೊಡಿ. ನಮ್ಮ ಮಾಜಿ ಸೈನಿಕರ ಗುಂಪಿನಲ್ಲಿ ಓದಿಸುತ್ತೇನೆ. ಅಲ್ಲಿ ಜಗಳ ಆಗುವುದು ಗ್ಯಾರಂಟಿ.